ಒಂದು ಳಕಾರ, ಏಳು ತಿಂಗಳು

ವಕೀಲರಿಗೆ ನಿವೃತ್ತಿ ವಯಸ್ಸು ಅಂತ ಒಂದಿಲ್ಲ. ಕಕ್ಷಿದಾರರು ಬರುವುದು ನಿಂತ ದಿನವೇ ನಿವೃತ್ತಿ ಎಂದು ನಮ್ಮ ಸೀನಿಯರ್ ಮುತ್ತಣ್ಣನವರು ಹೇಳುತ್ತಿದ್ದರು. ನನ್ನ ವಿಷಯದಲ್ಲಿ ಕಕ್ಷಿದಾರರಿಗಿಂತ ಮೊದಲು ಮಂಡಿ ನಿಂತಿತು. ಮಡಿಕೇರಿಯಲ್ಲಿ ಯಾವ ಕಚೇರಿಗೆ ಹೋಗಬೇಕಾದರೂ ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ಇನ್ನು ಎರಡೂ ಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಕರಿಕೋಟನ್ನು ಗೂಟಕ್ಕೆ ನೇತುಹಾಕಿ, ಕುಶಾಲನಗರದ ಸಮತಟ್ಟು ನೆಲದ ಮೇಲಿರುವ ಮನೆಗೆ ಬಂದು ಕುಳಿತಿದ್ದೇನೆ.

ಕಳೆದ ತಿಂಗಳು ಇಬ್ಬರು ಹೊಸ ವಕೀಲೆಯರು ಹುಡುಕಿಕೊಂಡು ಬಂದರು. ಬಡವರಿಗೆ ಸರ್ಕಾರದ ವತಿಯಿಂದ ವಕೀಲರನ್ನು ಕೊಡುವ ಪ್ಯಾನೆಲ್‌ಗೆ ಆಗಷ್ಟೇ ಸೇರಿದವರು. "ಮೇಡಂ, ಜೈಲಿನಲ್ಲಿರುವ ಹೆಂಗಸರ ಕೇಸುಗಳನ್ನು ನೀವು ತುಂಬಾ ವರ್ಷ ನಡೆಸಿದ್ದೀರಂತೆ. ನಿಮ್ಮ ಅನುಭವ ಬರೆದುಕೊಡಿ" ಎಂದರು. ಉಬ್ಬಿಹೋದೆ. ಅಂದೇ ಕುಳಿತು ನಾನು ಗೆದ್ದ ಕೇಸುಗಳ ಕಥೆ ಶುರುಮಾಡಿದೆ. ಅರ್ಧ ಪುಟಕ್ಕೆ ಮುಗಿದುಹೋಯಿತು. ಓದಿ ನೋಡಿದರೆ ಅದರಲ್ಲೂ ಕಾಲು ಭಾಗ ಎದುರು ವಕೀಲರು ಗೈರುಹಾಜರಾದದ್ದರಿಂದ ಗೆದ್ದದ್ದು. ಹಾಗಾಗಿ ಆ ಹಾಳೆಯನ್ನು ಹರಿದುಹಾಕಿ, ನನ್ನ ಹತ್ತಿರ ಧಾರಾಳವಾಗಿ ಇರುವ ಸರಕನ್ನೇ ಕೊಡೋಣವೆಂದು ಎಡವಟ್ಟುಗಳನ್ನು ಬರೆಯುತ್ತಿದ್ದೇನೆ.

ನನಗೆ ಬರುತ್ತಿದ್ದ ಕೇಸುಗಳಲ್ಲಿ ಹೆಚ್ಚಿನವು ಒಂದೇ ಥರದವು. ವರ್ಷಗಟ್ಟಲೆ ಗಂಡನಿಂದ ಏಟು ತಿಂದ ಹೆಂಗಸು. ಒಂದು ದಿನ ಏನೋ ಆಗಿಹೋಗುತ್ತದೆ. ಫೈಲಿನಲ್ಲಿ ಆ ಒಂದು ದಿನ ಮಾತ್ರ ಇರುತ್ತದೆ. ಅದಕ್ಕೆ ಹಿಂದಿನ ವರ್ಷಗಳೆಲ್ಲ "ಸಂಸಾರದಲ್ಲಿ ಆಗಾಗ ಜಗಳವಿತ್ತು" ಎಂಬ ಒಂದು ಸಾಲಿನೊಳಗೆ ಅಡಗಿ ಕುಳಿತಿರುತ್ತವೆ. ಆ ಸಾಲನ್ನು ಬಿಡಿಸಿ ನ್ಯಾಯಾಧೀಶರ ಮುಂದೆ ಹರಡುವುದೇ ನಮ್ಮ ಕೆಲಸ.

ಮೊದಲ ಸಲ ಜೈಲಿಗೆ ಹೋದಾಗ ನಾನು ಭಾಷಣ ಬರೆದುಕೊಂಡು ಹೋಗಿದ್ದೆ. ಹೆಂಗಸರ ವಿಭಾಗದಲ್ಲಿ ಏಳೆಂಟು ಜನ ಗೋಡೆಗೆ ಒರಗಿ ಕುಳಿತಿದ್ದರು. ಸಂವಿಧಾನದಿಂದ ಶುರುಮಾಡಿ ಮೂಲಭೂತ ಹಕ್ಕುಗಳವರೆಗೆ ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ "ಏನಾದರೂ ಪ್ರಶ್ನೆ ಇದೆಯಾ?" ಎಂದು ಕೇಳಿದಾಗ ಒಬ್ಬಾಕೆ ಎದ್ದು ನಿಂತಳು. "ಮೇಡಂ, ಬ್ಲೌಸಿನ ಹುಕ್ಕು ಕಿತ್ತುಹೋಗಿದೆ. ಪಿನ್ನು ಇಟ್ಟುಕೊಳ್ಳಕ್ಕೆ ಬಿಡಲ್ಲ. ಮುಂದಿನ ವಾರ ಕೋರ್ಟಿಗೆ ಹೆಂಗೆ ಬರೋದು?" ಉಳಿದವರೆಲ್ಲ ನಾನು ಏನು ಹೇಳುತ್ತೇನೋ ಎಂದು ನನ್ನನ್ನೇ ನೋಡಿದರು. ಹುಕ್ಕಿನ ಬಗ್ಗೆ ಸಂವಿಧಾನದಲ್ಲಿ ಒಂದು ಅನುಚ್ಛೇದವೂ ಇರಲಿಲ್ಲ. ಮುಂದಿನ ಸಲ ಭಾಷಣ ಬಿಟ್ಟು, ಅನುಮತಿ ಪಡೆದು, ಒಂದು ಪೊಟ್ಟಣ ಹುಕ್ಕು ತೆಗೆದುಕೊಂಡು ಹೋದೆ. ನನ್ನ ವೃತ್ತಿಯಲ್ಲಿ ಕೂಡಲೇ ಫಲ ಕೊಟ್ಟ ಕೆಲಸವೆಂದರೆ ಅದೊಂದೇ.

ಇಷ್ಟಾದರೂ ಜಂಭ ಇಳಿಯಲಿಲ್ಲ. ನನ್ನ ಜಂಭ ಇದ್ದದ್ದು ಭಾಷೆಯದು. ಕೊಡಗಿನಲ್ಲಿ ಆ ಜಂಭ ಬರುವುದು ಸುಲಭ. ಬೆಳಿಗ್ಗೆ ಒಂದು ಭಾಷೆಯಲ್ಲಿ ಹಾಲು ಕೊಂಡು, ಇನ್ನೊಂದರಲ್ಲಿ ಮೀನಿಗೆ ಚೌಕಾಸಿ ಮಾಡಿ, ಮೂರನೆಯದರಲ್ಲಿ ಬಸ್ಸಿನ ಸೀಟಿಗೆ ಜಗಳವಾಡುವ ಜನ ನಾವು. ನನ್ನ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಬೇಸಾಯಕ್ಕೆ ನಿಂತವರು. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಇರಲಿಲ್ಲ. ಆದರೂ ನಾನು ಬಾರ್ ಅಸೋಸಿಯೇಷನ್ನಿನಲ್ಲಿ ಐದು ಭಾಷೆ ಬಲ್ಲವಳೆಂದು ಹೇಳಿಕೊಂಡು ಓಡಾಡುತ್ತಿದ್ದೆ. ನಾನು ಕೊಡವ ತಕ್ಕಿನಲ್ಲಿ ಮಾತಾಡಿಸಿದರೆ, ಅದೇ ಮನೆಮಾತಿನ ಮುತ್ತಣ್ಣನವರು ಮಾತ್ರ ಕೈಮುಗಿದು, "ಕನ್ನಡದಲ್ಲೇ ಹೇಳು ಜಯಮ್ಮ, ನಂಗೆ ಬೇಗ ಅರ್ಥ ಆಗ್ತದೆ" ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಾರೆ ಅಂದುಕೊಂಡಿದ್ದೆ.

ದೇವಕಿಯ ಕೇಸು ನನಗೆ ಬಂದದ್ದು ಈ ಜಂಭದ ಕಾರಣಕ್ಕೇ. ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇದ್ದವಳು. ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಕೆಲಸ. ಮೂವತ್ತನಾಲ್ಕು ವಯಸ್ಸು, ಸಣ್ಣ ಆಳು. ಮನೆಮಾತು ಮಲಯಾಳಂ. ಗಂಡ ಅದೇ ಎಸ್ಟೇಟಿನ ಜೀಪ್ ಡ್ರೈವರ್. ಒಂದು ಸಂಜೆ ಅವನು ತಲೆಗೆ ಪೆಟ್ಟಾಗಿ ಮನೆಯ ಮುಂದೆ ಬಿದ್ದ, ಆಸ್ಪತ್ರೆಯಲ್ಲಿ ಸತ್ತ. ಹೆಂಡತಿ ಸೌದೆಯಿಂದ ಹೊಡೆದು ಕೊಂದಳು ಎಂದು ಕೂಲಿಯ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ದೂರು ಕೊಟ್ಟರು. ರೈಟರ್ ಕಣ್ಣಾರೆ ಕಂಡಿರಲಿಲ್ಲ, ಆದರೆ ಲೈನ್ ಮನೆಯಲ್ಲಿ ಸೌದೆಗೇನು ಕೊರತೆ? ಪೊಲೀಸರು ಒಂದು ಕೊರಡನ್ನು ವಶಪಡಿಸಿಕೊಂಡರು, ದೇವಕಿಯನ್ನೂ ಜೈಲಿಗೆ ಕಳಿಸಿದರು. ಮಲಯಾಳಂ ಬಲ್ಲ ವಕೀಲರು ಬೇಕು ಎಂಬ ಮಾತು ಬಂದಾಗ ನಾನು ಎಲ್ಲರಿಗಿಂತ ಮೊದಲು ಕೈಯೆತ್ತಿದೆ.

ಜೈಲಿನ ಭೇಟಿಯ ಕೋಣೆಯಲ್ಲಿ ಒಂದು ಬೆಂಚು, ಒಂದು ಮೇಜು. ಮೂಲೆಯಲ್ಲಿ ವಾರ್ಡರ್ ಪುಟ್ಟಗೌರಮ್ಮ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಾಗಮಂಗಲದ ಕಡೆಯವರು, ವರ್ಗವಾಗಿ ಬಂದು ವರ್ಷವೂ ಆಗಿರಲಿಲ್ಲ. ಕನ್ನಡ ಬಿಟ್ಟು ಬೇರೆ ಭಾಷೆ ಕಿವಿಗೆ ಬಿದ್ದರೆ ಆಕೆಗೆ ನಿದ್ದೆ ಬರುತ್ತಿತ್ತು.

ದೇವಕಿ ಮೊದಲು ತನ್ನ ಎಸ್ಟೇಟ್ ಕನ್ನಡದಲ್ಲೇ ಶುರುಮಾಡಿದಳು. "ಅವರು ಬಂದ್ರು ಮೇಡಂ. ಬಾಗ್ಲಲ್ಲಿ ನಿಂತ್ರು. ನಾನು..."

ನಾನು ಕೈಯೆತ್ತಿ ತಡೆದೆ. "ನಿನ್ನ ಭಾಷೆಯಲ್ಲೇ ಹೇಳಮ್ಮ. ನಂಗೆ ಮಲಯಾಳಂ ನೀರು ಕುಡಿದಷ್ಟು ಸುಲಭ."

ಅವಳ ಮುಖದಲ್ಲಿ ಒಂದು ಥರದ ಭರವಸೆ ಮೂಡಿತು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ತಡೆತಡೆದು ಎಲ್ಲ ಹೇಳಿದಳು. ಮದುವೆಯಾಗಿ ಹನ್ನೊಂದು ವರ್ಷ, ವಾರಕ್ಕೊಮ್ಮೆಯಾದರೂ ಏಟು. ಪ್ರತಿಸಲ ಆಸ್ಪತ್ರೆಗೆ ಅವನೇ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದ, ಡಾಕ್ಟರ ಮುಂದೆ ಪಕ್ಕದಲ್ಲೇ ನಿಲ್ಲುತ್ತಿದ್ದ, ಅವಳು "ಬಿದ್ದೆ" ಎನ್ನುತ್ತಿದ್ದಳು. ಕೊನೆಗೆ ಆ ಸಂಜೆಯ ವಿಷಯಕ್ಕೆ ಬಂದಳು. "ಞಾನ್ ತಳ್ಳಿ" ಎಂದಳು.

ಞಾನ್ ಎಂದರೆ ನಾನು. ಇನ್ನೊಂದು ಪದವೂ ನನಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಹಾಗೆಂದುಕೊಂಡಿದ್ದೆ. ವಿರಾಜಪೇಟೆಯಲ್ಲಿ ಪ್ರಾಕ್ಟೀಸು ಶುರುಮಾಡಿದಾಗ ನಾನು ಬಾಡಿಗೆಗಿದ್ದ ಮನೆಯ ಒಡತಿ ಒಬ್ಬ ಮಲಯಾಳಿ ಅಜ್ಜಿ. ಆಕೆ ದಿನವಿಡೀ ಕೋಳಿಗೆ, ಬೆಕ್ಕಿಗೆ, ಗಂಡನಿಗೆ "ತಲ್ಲುಂ, ತಲ್ಲುಂ" ಎನ್ನುತ್ತಿದ್ದರು. ಹೊಡೆಯುತ್ತೇನೆ ಎಂದರ್ಥ. ನಾನು ಕಲಿತ ಮೊದಲ ಮಲಯಾಳಂ ಪದ ಅದೇ. ಹಾಗಾಗಿ ದೇವಕಿ "ತಳ್ಳಿ" ಎಂದ ಕೂಡಲೇ ನೋಟ್ ಪುಸ್ತಕದಲ್ಲಿ ಬರೆದೆ: ಹೊಡೆದೆನೆಂದು ಒಪ್ಪುತ್ತಾಳೆ. ಆತ್ಮರಕ್ಷಣೆ. ಆತ್ಮರಕ್ಷಣೆಯ ಕೆಳಗೆ ಎರಡು ಗೆರೆ ಎಳೆದೆ. ದೇವಕಿ ಇನ್ನೆರಡು ಸಲ ಅದೇ ಪದ ಹೇಳಿ, ನನ್ನ ಪೆನ್ನಿನ ಕಡೆ ನೋಡಿದಳು. ಪಾಪ, ಹೆದರಿದ್ದಾಳೆ ಅಂದುಕೊಂಡೆ.

ಜಾಮೀನು ಅರ್ಜಿಯನ್ನು ಬಹಳ ಮುತುವರ್ಜಿಯಿಂದ ಬರೆದೆ. ಹನ್ನೊಂದು ವರ್ಷಗಳ ಹಿಂಸೆಯನ್ನು ಓದಿದವರ ಕಣ್ಣಲ್ಲಿ ನೀರು ಬರುವಂತೆ ಬಣ್ಣಿಸಿ, "ಅನ್ಯ ಮಾರ್ಗವಿಲ್ಲದೆ ಅರ್ಜಿದಾರಳು ತನ್ನ ಪ್ರಾಣರಕ್ಷಣೆಗಾಗಿ ಪತಿಯನ್ನು ಹೊಡೆದಿರುತ್ತಾಳೆ" ಎಂದು ಮುಗಿಸಿದೆ. ಸರ್ಕಾರಿ ವಕೀಲರು ಎದ್ದು ಆ ಸಾಲನ್ನಷ್ಟೇ ಓದಿದರು. "ಹೊಡೆದದ್ದನ್ನು ಅರ್ಜಿದಾರರೇ ಒಪ್ಪಿದ್ದಾರೆ ಸ್ವಾಮಿ. ಸೌದೆ ನಮ್ಮ ಹತ್ತಿರ ಇದೆ. ನಾನು ಹೇಳೋದಕ್ಕೆ ಏನೂ ಉಳಿದಿಲ್ಲ" ಎಂದು ಕುಳಿತುಬಿಟ್ಟರು. ಅರ್ಜಿ ವಜಾ. ದೇವಕಿಯನ್ನು ಅಂದು ಕೋರ್ಟಿಗೆ ಕರೆತಂದಿರಲಿಲ್ಲ. ತನ್ನ ಪರವಾಗಿ ಏನು ಓದಲಾಯಿತೆಂಬುದು ಅವಳಿಗೆ ಗೊತ್ತೇ ಆಗಲಿಲ್ಲ. ನಾನು ಕ್ಯಾಂಟೀನಿನಲ್ಲಿ ಕುಳಿತು, ನಮ್ಮ ನ್ಯಾಯಾಧೀಶರಿಗೆ ಹೆಂಗಸರ ಕಷ್ಟ ಯಾವಾಗ ಅರ್ಥವಾಗುತ್ತದೋ ಎಂದು ಸಿಕ್ಕವರ ಹತ್ತಿರವೆಲ್ಲ ದೂರಿದೆ.

ಏಳು ತಿಂಗಳು ಹೋದವು. ನಾನು ಮೂರೋ ನಾಲ್ಕೋ ಸಲ ಹೋಗಿ ಧೈರ್ಯ ಹೇಳಿ ಬಂದೆ. ವಿಚಾರಣೆ ಹತ್ತಿರ ಬಂದಾಗ ಅವಳನ್ನು ತಯಾರು ಮಾಡಲು ಕುಳಿತೆ. ನನ್ನ ಅದ್ಭುತ ಮಲಯಾಳಂನಲ್ಲಿ, "ಜಡ್ಜ್ ಕೇಳಿದರೆ ಹೆದರಬೇಡ, ಜೀವ ಉಳಿಸಿಕೊಳ್ಳಲು ತಲ್ಲಿ ಅಂತ ಹೇಳು" ಎಂದೆ.

ಅದುವರೆಗೆ ಗಟ್ಟಿಯಾಗಿ ಒಂದು ಮಾತೂ ಆಡದಿದ್ದ ದೇವಕಿ ಎದ್ದು ನಿಂತು ಮೇಜು ಗುದ್ದಿದಳು. "ಞಾನ್ ತಲ್ಲಿಯಿಟ್ಟಿಲ್ಲ! ತಳ್ಳಿ! ತಳ್ಳಿ!"

ಮೂಲೆಯಲ್ಲಿ ತೂಕಡಿಸುತ್ತಿದ್ದ ಪುಟ್ಟಗೌರಮ್ಮ ಬೆಚ್ಚಿ ಎದ್ದರು. "ಅಯ್ಯೋ ಮೇಡಮ್ಮೋರೆ, ಆಯಮ್ಮ ಬಂದಾಗಿಂದ ತಳ್ಳಿ ತಳ್ಳಿ ಅಂತ ಬಡ್ಕೋತಾವ್ಳೆ. ಗಂಡನ್ನ ತಳ್ದೆ ಅಂತ. ನಿಮ್ಗೆ ಕನ್ನಡ ಬರಕಿಲ್ವಾ?"

ನನ್ನ ವೃತ್ತಿಜೀವನದಲ್ಲಿ ಎದುರು ವಕೀಲರಾಗಲಿ, ನ್ಯಾಯಾಧೀಶರಾಗಲಿ ನನಗೆ ಅಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಮಲಯಾಳಂನಲ್ಲಿ ಹೊಡೆಯುವುದು ತಲ್ಲುವುದು; ತಳ್ಳುವುದಕ್ಕೆ ಅಲ್ಲೂ ತಳ್ಳುವುದೇ. ನಮ್ಮದೇ ಳಕಾರ, ನಮ್ಮದೇ ಪದ. ಆ ಭಾಷೆ ನನಗೆ ಒಂದಕ್ಷರವೂ ಬಾರದೆ ಇದ್ದಿದ್ದರೆ ಮೊದಲ ದಿನವೇ ಸರಿಯಾಗಿ ಅರ್ಥವಾಗಿಬಿಡುತ್ತಿತ್ತು. ಅರೆಬರೆ ಬರುತ್ತಿದ್ದುದರಿಂದ ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳನ್ನೂ ನಾನು ಕಳೆಯಲಿಲ್ಲ, ಅವಳು ಕಳೆದಳು.

"ಅದೆಂಗೆ ತಳ್ದೆ ಅಂತ ಮೇಡಮ್ಮೋರ್ಗೆ ತೋರ್ಸವ್ವ" ಎಂದರು ಪುಟ್ಟಗೌರಮ್ಮ. ನನಗೆ ಹೊಳೆಯದ ಉಪಾಯ ಅದು. ದೇವಕಿ ನನ್ನನ್ನು ಕೋಣೆಯ ಬಾಗಿಲಲ್ಲಿ ನಿಲ್ಲಿಸಿದಳು. ನನ್ನ ಎರಡು ಕೈಗಳನ್ನು ತೆಗೆದು ಬಾಗಿಲಿನ ಚೌಕಟ್ಟಿನ ಎರಡು ಬದಿಗೆ ಇಟ್ಟಳು. ಅವನು ಹಾಗೆ ನಿಂತಿದ್ದನಂತೆ. ಆಮೇಲೆ ಸ್ವಲ್ಪ ಹೊತ್ತು ಅವಳಿಂದ ಆಗಲಿಲ್ಲ. ನಾನು "ತಳ್ಳಮ್ಮ, ಪರವಾಗಿಲ್ಲ, ನಾನು ಗಟ್ಟಿ ಇದೀನಿ" ಎಂದೆ. ಅವಳು ಒಮ್ಮೆಲೇ ಎರಡು ಅಂಗೈಗಳನ್ನು ನನ್ನ ಎದೆಗೆ ಒತ್ತಿ ತಳ್ಳಿದಳು. ಎಂಬತ್ತು ಕಿಲೋದ ನಾನು ಹೊಸಿಲಾಚೆ ಹಿಮ್ಮುಖವಾಗಿ ಹೋಗಿ ಕುಸಿದು ಕುಳಿತೆ. ಪುಟ್ಟಗೌರಮ್ಮ ತೋಳು ಹಿಡಿಯದಿದ್ದರೆ ಆ ಕೇಸಿಗೆ ಇನ್ನೊಂದು ಕೇಸು ಸೇರುತ್ತಿತ್ತು.

ನೆಲದ ಮೇಲೆ ಕುಳಿತೇ ಎರಡು ವಿಷಯ ತಿಳಿಯಿತು. ಅವಳ ಎರಡೂ ಅಂಗೈಗಳು ಬಿಚ್ಚಿಕೊಂಡಿದ್ದವು. ಬಿಚ್ಚಿದ ಅಂಗೈಯಲ್ಲಿ ಸೌದೆ ನಿಲ್ಲುವುದಿಲ್ಲ. ಮತ್ತೆ, ತಳ್ಳುವಾಗ ಅವಳು ನನ್ನ ಮುಖ ನೋಡಲಿಲ್ಲ, ನನ್ನ ಭುಜದ ಪಕ್ಕದಲ್ಲಿ ಕಾಣುತ್ತಿದ್ದ ಹೊರಗಿನ ದಾರಿಯನ್ನು ನೋಡುತ್ತಿದ್ದಳು. ಲೈನ್ ಮನೆಯ ಮೆಟ್ಟಿಲ ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು. ಅವನು ಹಿಮ್ಮುಖವಾಗಿ ಅದರ ಅಂಚಿಗೆ ಬಿದ್ದಿದ್ದ. ಹನ್ನೊಂದು ವರ್ಷ ಅವಳು ಬೀಳದೆಯೇ ಬಿದ್ದೆ ಎಂದಳು, ಎಲ್ಲರೂ ನಂಬಿದರು. ಅವನು ನಿಜವಾಗಿ ಬಿದ್ದ, ಅದನ್ನು ಯಾರೂ ನಂಬಲಿಲ್ಲ, ಅವಳ ವಕೀಲೆಯೂ ಸೇರಿ.

"ದೇವಕಿ, ಹೊಡೆದಿದ್ದರೂ ನಾನು ತಪ್ಪು ಅಂತಿರಲಿಲ್ಲ" ಎಂದೆ, ಸಮಾಧಾನ ಹೇಳುವವಳಂತೆ. ಅವಳು ಈ ಸಲ ನನ್ನ ಮಲಯಾಳಂಗೆ ಅವಕಾಶ ಕೊಡದೆ ಕನ್ನಡದಲ್ಲೇ ಹೇಳಿದಳು. ಏಳು ತಿಂಗಳಲ್ಲಿ ಪುಟ್ಟಗೌರಮ್ಮನ ದೆಸೆಯಿಂದ ಅವಳ ಕನ್ನಡ ನೇರವಾಗಿತ್ತು. "ಹೊಡೆಯೋರು ಅವರು ಮೇಡಂ. ನಾನು ಹೊಡೆಯೋಳಲ್ಲ. ನನ್ನ ಬಿಡದಿದ್ರೂ ಸರಿ, ಹೊಡೆದೆ ಅಂತ ಮಾತ್ರ ಬರೀಬೇಡಿ."

ನಾನು ಆಗಲೇ ಬರೆದಾಗಿತ್ತು. ಕೋರ್ಟಿನ ಫೈಲಿನಲ್ಲಿ ನನ್ನ ಸಹಿಯೊಂದಿಗೆ ಕುಳಿತಿತ್ತು.

ಮುತ್ತಣ್ಣನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಒರೆಸುತ್ತಾ, "ಎಂತ ಮಾಡ್ತಿ ಈಗ? ಟೈಪಿಸ್ಟ್ ಮೇಲೆ ಹಾಕಿಬಿಡು, ಎಲ್ಲರೂ ಹಾಗೇ ಮಾಡೋದು" ಎಂದರು. ನನಗೆ ಹಾಯೆನಿಸಿತು. "ಹಾಗೆ ಮಾಡಬಹುದಾ ಸಾರ್?" ಎಂದೆ.

"ಮಾಡಬಹುದು. ಆದರೆ ಟೈಪಿಸ್ಟ್ ತಪ್ಪು ಅಂದ್ರೆ, ಹೆಂಗಸು ಕತೆ ಬದಲಾಯಿಸಿದ್ಲು ಅಂತ ಸರ್ಕಾರಿ ವಕೀಲ ಹೇಳ್ತಾನೆ. ಅವಳು ಮೊದಲಿಂದ ಸರಿಯಾಗೇ ಹೇಳಿದ್ದು, ನಾನೇ ತಪ್ಪು ತಿಳ್ಕೊಂಡೆ ಅಂತ ನೀನು ಪ್ರಮಾಣ ಮಾಡಿದ್ರೆ ಮಾತ್ರ ನಂಬ್ತಾರೆ. ಒಂದೋ ನಿನ್ನ ಮಾನ ಉಳೀತದೆ, ಇಲ್ಲ ಅವಳ ಕೇಸು. ಯಾವುದು ಅಂತ ನೋಡ್ಕೋ ಮಾರಾಯ್ತಿ."

ಇದನ್ನು ತೀರ್ಮಾನಿಸಲು ನನಗೆ ಎರಡು ದಿನ ಹಿಡಿಯಿತು. ಒಳಗೆ ಒಬ್ಬಳು ಕುಳಿತಿರುವಾಗ ಎರಡು ದಿನ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಹೊಸಬರು ತಿಳಿದಿರಲಿ, ಕಕ್ಷಿದಾರಳ ಬಿಡುಗಡೆಗಿಂತ ತನ್ನ ಹೆಸರು ದೊಡ್ಡದೆಂದು ಕಾಣುವ ಗಳಿಗೆ ಈ ಕೆಲಸದಲ್ಲಿ ಒಳ್ಳೆಯ ಮನಸ್ಸಿನವರಿಗೂ ಬರುತ್ತದೆ.

ಮೂರನೆಯ ದಿನ ಪ್ರಮಾಣಪತ್ರ ಸಲ್ಲಿಸಿದೆ. ಕೋರ್ಟ್ ಹಾಲ್ ತುಂಬಿತ್ತು. ಸುದ್ದಿ ಮೊದಲೇ ಹಬ್ಬಿತ್ತು. ನ್ಯಾಯಾಧೀಶರು ಮಲಯಾಳಂ ಬಲ್ಲ ಒಬ್ಬ ಗುಮಾಸ್ತರನ್ನು ಕರೆಸಿ ಎರಡೂ ಪದಗಳನ್ನು ಹೇಳಿಸಿದರು. ಅವರು ಶಾಲೆಯ ಮಗ್ಗಿಯಂತೆ "ತಲ್ಲಿ, ತಳ್ಳಿ" ಎಂದು ಸ್ಫುಟವಾಗಿ ಹೇಳಿದರು.

"ವ್ಯತ್ಯಾಸ ಕೇಳಿಸ್ತಾ ಮೇಡಂ?"

"ಕೇಳಿಸ್ತು ಸ್ವಾಮಿ."

"ಜೈಲಲ್ಲಿ ಯಾಕೆ ಕೇಳಿಸಲಿಲ್ಲ?"

"ಅಲ್ಲಿ ನಾನು ಕೇಳ್ತಾ ಇರಲಿಲ್ಲ ಸ್ವಾಮಿ. ಭಾಷಾಂತರ ಮಾಡ್ತಾ ಇದ್ದೆ. ಅವಳ ತಪ್ಪು ಏನೂ ಇಲ್ಲ, ತಪ್ಪು ನನ್ನದು."

ಸರ್ಕಾರಿ ವಕೀಲರು ಎದ್ದು, "ಮೇಡಂ ಅವರ ಉಳಿದ ನಾಲ್ಕು ಭಾಷೆಗಳ ಬಗ್ಗೆಯೂ ಒಂದು ಪ್ರಮಾಣಪತ್ರ ಬೇಕಾಗಬಹುದು ಸ್ವಾಮಿ" ಎಂದರು. ಎಲ್ಲರೂ ನಕ್ಕರು. ನ್ಯಾಯಾಧೀಶರೂ ಫೈಲಿನ ಹಿಂದೆ ನಕ್ಕರೆಂದು ಕಾಣುತ್ತದೆ. ದೇವಕಿ ಈ ಸಲ ಕಟಕಟೆಯಲ್ಲಿದ್ದಳು. ಅವಳೊಬ್ಬಳು ನಗದೆ ನನ್ನನ್ನೇ ನೋಡುತ್ತಿದ್ದಳು. ಜಾಮೀನು ಸಿಕ್ಕಿತು.

ಜಾಮೀನು ಸಿಕ್ಕಿತು ಎಂದರೆ ಬಿಡುಗಡೆಯಾಯಿತು ಎಂದಲ್ಲ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಜಮೀನುಳ್ಳ ಒಬ್ಬರು ಪಹಣಿ ತಂದು, ಈಕೆಗೆ ನಾನು ಹೊಣೆ ಎಂದು ನಿಲ್ಲಬೇಕು. ಲೈನ್ ಮನೆಯವರಿಗೆ ಪಹಣಿ ಎಲ್ಲಿಂದ ಬರಬೇಕು? ಅಮ್ಮತ್ತಿಯ ಕಾಫಿ ಬೆಳೆಗಾರರು ಪೂವಯ್ಯನವರು ಮುಂದೆ ಬಂದರು. ದೇವಕಿ ಹಿಂದೆ ಅವರ ತೋಟದಲ್ಲಿ ಪಿಕ್ಕಿಂಗ್‌ಗೆ ಹೋಗುತ್ತಿದ್ದಳು. ನಲವತ್ತು ಎಕರೆ ತೋಟದ ಯಜಮಾನರು! ನಾನು ಗೆದ್ದವಳ ನಡಿಗೆಯಲ್ಲಿ ಅವರನ್ನು ಕೋರ್ಟಿಗೆ ಕರೆದುಕೊಂಡು ಹೋದೆ. ಅಂದು ನಮ್ಮ ನ್ಯಾಯಾಧೀಶರ ಬದಲು ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಪೀಠದಲ್ಲಿದ್ದರು. ಪಹಣಿ ನೋಡಿ ಹುಬ್ಬು ಗಂಟಿಕ್ಕಿದರು. ಅದು ಕುಟುಂಬಕ್ಕೆಲ್ಲ ಸೇರಿದ ಜಮ್ಮಾ ಜಮೀನು. ಪಹಣಿಯಲ್ಲಿ ಪಟ್ಟೆದಾರರೆಂದು, ಅಂದರೆ ಜಮೀನಿನ ಹಕ್ಕುದಾರರೆಂದು, ಇನ್ನೂ ಪೂವಯ್ಯನವರ ಮುತ್ತಜ್ಜನ ಹೆಸರೇ ಇತ್ತು.

"ಈ ಪಟ್ಟೆದಾರರು ಎಲ್ಲಿದ್ದಾರೆ?"

"ಕೈಮಡದಲ್ಲಿದ್ದಾರೆ ಸ್ವಾಮಿ" ಎಂದರು ಪೂವಯ್ಯನವರು ಭಕ್ತಿಯಿಂದ.

"ಅದೆಷ್ಟು ದೂರ? ಮಧ್ಯಾಹ್ನದೊಳಗೆ ಬರೋಕಾಗುತ್ತಾ?"

ಕೈಮಡವೆಂದರೆ ಕೊಡವರು ಮನೆಯ ಹಿರಿಯರ ಆತ್ಮಗಳಿಗೆ ನಡೆದುಕೊಳ್ಳುವ ಗುಡಿ ಎಂದು ಹೇಳುವ ಧೈರ್ಯ ಕೋರ್ಟಿನಲ್ಲಿ ಯಾರಿಗೂ ಬರಲಿಲ್ಲ. ಪೂವಯ್ಯನವರು ಸ್ವಲ್ಪ ಯೋಚಿಸಿ, "ವರ್ಷಕ್ಕೊಂದು ಸಲ ಬರ್ತಾರೆ ಸ್ವಾಮಿ, ಮೀದಿ ಇಟ್ಟಾಗ" ಎಂದರು. ಮೀದಿ ಎಂದರೆ ಹಿರಿಯರಿಗೆ ಇಡುವ ಎಡೆ. ಆಮೇಲೆ ಶಿರಸ್ತೇದಾರರು ಪೀಠದ ಹತ್ತಿರ ಹೋಗಿ ಮೆಲ್ಲಗೆ ವಿವರಿಸಬೇಕಾಯಿತು. ಜಾಮೀನುದಾರರನ್ನು ತಿರಸ್ಕರಿಸಲಾಯಿತು. ಇಷ್ಟು ವರ್ಷ ಕೊಡಗಿನಲ್ಲಿ ವಕೀಲಿ ಮಾಡಿದ ನಾನು ಪಹಣಿಯನ್ನು ಮೊದಲೇ ಓದಿ ನೋಡಬೇಕೆಂಬುದನ್ನು ಮರೆತಿದ್ದೆ. ದೇವಕಿ ಇನ್ನೂ ಒಂಬತ್ತು ದಿನ ಒಳಗಿದ್ದಳು.

ಕೊನೆಗೆ ಕುಶಾಲನಗರದ ಬಳಿ ಶುಂಠಿ ಬೆಳೆಯುವ ನನ್ನ ಅಣ್ಣನ ಕಾಲು ಹಿಡಿದೆ. ಅವನ ಪಹಣಿಯಲ್ಲಿ ಇದ್ದದ್ದು ಅವನದೇ ಹೆಸರು, ಅವನು ಜೀವಂತವಾಗಿಯೂ ಇದ್ದ.

"ಓಡೋದ್ರೆ ಏನೇ ಮಾಡ್ಲಿ?" ಎಂದ.

"ಓಡಿಹೋಗೋಕೆ ಅಂತಾನೇ ಅವತ್ತು ಬಾಗಿಲಿಗೆ ಬಂದದ್ದು ಅಣ್ಣ. ಈಗ ಅಟ್ಟಿಸಿಕೊಂಡು ಬರೋರು ಯಾರೂ ಇಲ್ಲ. ಯಾಕೆ ಓಡ್ತಾಳೆ?"

ಅಣ್ಣ ಸಹಿ ಹಾಕಿದ. ಆದರೂ ಕೇಸು ಮುಗಿಯುವವರೆಗೆ ಪ್ರತಿ ಸೋಮವಾರ ಫೋನು ಮಾಡಿ, ಕ್ಷೇಮಸಮಾಚಾರ ಏನೂ ಕೇಳದೆ, "ಇನ್ನೂ ಅಲ್ಲೇ ಅವ್ಳೆ ತಾನೆ?" ಎಂದು ಕೇಳಿ ಇಟ್ಟುಬಿಡುತ್ತಿದ್ದ. ದೇವಕಿಗೆ ಪೂವಯ್ಯನವರ ಹೆಂಡತಿ ತಮ್ಮ ತೋಟದಲ್ಲೇ ಕೆಲಸವನ್ನೂ ಲೈನಿನಲ್ಲಿ ಒಂದು ಮನೆಯನ್ನೂ ಕೊಟ್ಟರು.

ಆ ಘಟನೆಯ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಮೊದಲ ಭೇಟಿಯಲ್ಲಿ ಪುಸ್ತಕ ತೆರೆಯುವುದನ್ನೇ ಬಿಟ್ಟೆ. "ಹೇಳಬೇಡ, ತೋರಿಸು" ಎನ್ನುತ್ತಿದ್ದೆ. ನನ್ನದು ಗಂಡನ ಪಾತ್ರ; ಕೆಲವೊಮ್ಮೆ ಅತ್ತೆ, ಮೈದುನ. ಎಷ್ಟು ಸಲ ಸತ್ತಿದ್ದೇನೋ ಲೆಕ್ಕವಿಲ್ಲ. ಮೈ ಕೈ ನೋವೆಂದು ಮನೆಗೆ ಬಂದರೆ ನಮ್ಮ ಯಜಮಾನರು "ಇವತ್ತು ಯಾರು ಮುಗಿಸಿದ್ರು?" ಎಂದು ಕೇಳುತ್ತಿದ್ದರು. ಒಬ್ಬಾಕೆ ಗಂಡನನ್ನು ಎಡಗೈಯಲ್ಲಿ ಮೇಲಿನಿಂದ ಕಡಿದಳೆಂದು ದೋಷಾರೋಪಪಟ್ಟಿಯಲ್ಲಿತ್ತು. ತೋರಿಸು ಎಂದಾಗ ಅವಳ ಎಡಗೈ ಭುಜದಿಂದ ಮೇಲಕ್ಕೇ ಏಳಲಿಲ್ಲ. ಅವನೇ ಎಂದೋ ತಿರುಚಿ ಮುರಿದಿದ್ದ ಕೈ. ಅವಳಿಗೆ ಅದು ಹೇಳುವಂಥ ವಿಷಯವೆಂದೇ ಅನಿಸಿರಲಿಲ್ಲ. ಈಗ ವಿಡಿಯೊದಲ್ಲಿ ಭೇಟಿ ಮಾಡಿಸುತ್ತಾರೆ, ಓಡಾಟ ತಪ್ಪುತ್ತದೆ ಎಂದು ನಿಮಗೆಲ್ಲ ಖುಷಿ. ಆ ಪರದೆಯಲ್ಲಿ ಮುಖವಷ್ಟೇ ಕಾಣುತ್ತದೆ, ಕೈ ಕಾಣುವುದಿಲ್ಲ. ದಯವಿಟ್ಟು ಬಸ್ಸು ಹತ್ತಿ ಹೋಗಿ.

ದೇವಕಿಯ ವಿಚಾರಣೆ ನಡೆಯಿತು. ಶವಪರೀಕ್ಷೆ ಮಾಡಿದ ವೈದ್ಯರು, ಇದ್ದದ್ದು ತಲೆಯ ಹಿಂಭಾಗದಲ್ಲಿ ಒಂದೇ ಗಾಯ, ಕಲ್ಲಿನ ಅಂಚಿಗೆ ಬಿದ್ದರೆ ಹಾಗಾಗಬಹುದು ಎಂದರು. ಆಮೇಲೆ ದೇವಕಿಗೆ ಹಿಂದೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರನ್ನು ಕರೆಸಿ, ಹಳೆಯ ಚೀಟಿಗಳನ್ನು ಒಂದೊಂದಾಗಿ ಓದಿಸಿದೆ. ಬಿದ್ದು ದವಡೆಗೆ ಗಾಯ. ಬಿದ್ದು ಬೆರಳು ಮುರಿತ. ಬಿದ್ದು ಬೆನ್ನಿಗೆ ಬರೆ. ಒಂಬತ್ತನೆಯ ಚೀಟಿಗೆ ಬರುವಷ್ಟರಲ್ಲಿ ಡಾಕ್ಟರು ಓದುವುದನ್ನು ನಿಲ್ಲಿಸಿ, "ನಾನು ಕೇಳಬೇಕಿತ್ತು" ಎಂದರು. ಅವರನ್ನು ಗದರಿಸಲೆಂದು ಪ್ರಶ್ನೆಗಳ ಪಟ್ಟಿ ಮಾಡಿಕೊಂಡಿದ್ದೆ. ಕೇಳದೆ ಇದ್ದವರ ಪಟ್ಟಿಯಲ್ಲಿ ನನ್ನ ಹೆಸರೂ ಇದ್ದುದರಿಂದ ಆ ಹಾಳೆಯನ್ನು ಮಡಚಿಟ್ಟೆ.

ಕೊನೆಗೆ ಆರೋಪಿಯ ಹೇಳಿಕೆ. ನ್ಯಾಯಾಧೀಶರು ನನ್ನ ಕಡೆ ಒಮ್ಮೆ ನೋಡಿ, ಬೇರೆ ಭಾಷಾಂತರಕಾರರನ್ನು ಕರೆಸಿದ್ದರು. ದೇವಕಿ, ಭಾಷಾಂತರಕಾರರು ಬೇಡ ಎಂದಳು.

"ನಿಮ್ಮ ಗಂಡನಿಗೆ ಹೊಡೆದದ್ದು ಹೌದಾ?"

"ಇಲ್ಲ ಸ್ವಾಮಿ. ತಳ್ಳಿದೆ."

"ಯಾಕೆ?"

"ಬಾಗ್ಲಿಗೆ ಅಡ್ಡ ನಿಂತಿದ್ರು. ನಾನು ಹೊರಗೆ ಹೋಗಬೇಕಿತ್ತು."

ಬೆರಳಚ್ಚುಗಾರ ಅದನ್ನು ಹಾಗೆಯೇ ಟೈಪು ಮಾಡಿದ. ದೇವಕಿ ಕಟಕಟೆಯಿಂದ ಸ್ವಲ್ಪ ಬಗ್ಗಿ, ಆ ಪದ ಸರಿಯಾಗಿ ಕಾಗದಕ್ಕೆ ಬಿತ್ತೋ ಎಂದು ಅವನ ಕೈಯನ್ನೇ ನೋಡುತ್ತಿದ್ದಳು. ಮೂರು ವಾರದ ನಂತರ ತೀರ್ಪು ಬಂತು. ಆಕೆಯನ್ನು ದೋಷಮುಕ್ತಳೆಂದು ಬಿಟ್ಟರು. "ಆರೋಪಿಯು ಮೃತನನ್ನು ಹೊಡೆದಿರುವುದಿಲ್ಲ" ಎಂಬ ಸಾಲನ್ನು ತನಗೆ ಎರಡು ಸಲ ಓದಿ ಹೇಳಿ ಎಂದಳು. ಓದಿದೆ.

ಅಮ್ಮತ್ತಿಯ ಬಸ್ಸಿಗೆ ಅವಳ ಜೊತೆ ನಡೆದುಹೋದೆ. ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದ ಮಾತನ್ನು ಅಂತೂ ಹೇಳಿದೆ, ಕನ್ನಡದಲ್ಲೇ. "ದೇವಕಿ, ನನ್ನಿಂದ ನಿನಗೆ ಏಳು ತಿಂಗಳು ಹೋಯಿತು. ಕ್ಷಮಿಸು."

ಅವಳು ತಕ್ಷಣ ಪರವಾಗಿಲ್ಲ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅವಳು ಹಾಗೆ ಹೇಳಲಿಲ್ಲ.

"ಏಳು ತಿಂಗಳು ಏಳು ತಿಂಗಳೇ ಮೇಡಂ. ಅದು ವಾಪಸ್ ಬರಲ್ಲ" ಎಂದಳು. ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು. "ಹನ್ನೊಂದು ವರ್ಷದಲ್ಲಿ ಅವರು ಒಂದು ಸಲಾನೂ 'ತಪ್ಪು ನನ್ನದು' ಅಂದಿಲ್ಲ. ನೀವು ಅಷ್ಟು ಜನರ ಮುಂದೆ ಅಂದ್ರಿ, ಎಲ್ಲರೂ ನಕ್ಕರು. ಹಾಗೆ ಹೇಳೋರೂ ಇದಾರೆ ಅಂತ ನಂಗೆ ಗೊತ್ತಿರಲಿಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ಕಿಟಕಿಯ ಪಕ್ಕ ಕುಳಿತಳು. ನಾನು ಬಸ್ ನಿಲ್ದಾಣದಲ್ಲಿ, ಕರಿಕೋಟು ಹಾಕಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಅತ್ತೆ.